ಪೋಸ್ಟರ್ ನಂಬರ್ ನಲವತ್ತೊಂದು

ಫ್ಲೆಕ್ಸಿನವನು ಶ, ಷ ಅದಲುಬದಲು ಮಾಡಿದ್ದ.
‘ದ್ಯುತಿಸಂಷ್ಲೇಶಣೆ’ ಎಂದು ಚಿತ್ರದುರ್ಗದ ನಮ್ಮ ಕಾಲೇಜಿನ ಗೇಟಿಗೆ
ಎರಡು ದಿನ ತೂಗಾಡಿತು.
ಕೆಳಗೆ ‘ಚಯಾಪಚಯ’ ಸರಿಯಾಗಿತ್ತು,
ಅದರ ಕೆಳಗೆ ಪ್ರಾಯೋಜಕರ ಸಿಮೆಂಟು ಚೀಲ
ಎಲ್ಲಕ್ಕಿಂತ ದೊಡ್ಡದಾಗಿತ್ತು.

ಹಾಲಿನೊಳಗೆ ಪುಣೆಯವರು, ಹೈದರಾಬಾದಿನವರು,
ಪರದೆಯ ಮೇಲೊಬ್ಬ ದೂರದೇಶದವರು.
ಎಲೆ ಬೆಳಕನ್ನು ಎಷ್ಟು ಚೂರು ಮಾಡಿ ನುಂಗುತ್ತದೆಂದು
ಅವರು ಹೇಳುತ್ತಿರುವಾಗಲೇ ನೆಟ್‌ವರ್ಕ್ ನಿಂತು
ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ನನ್ನ ಜಾಗ ಹೊರಗೆ, ವರಾಂಡದಲ್ಲಿ,
ಕೈತೊಳೆಯುವ ನಲ್ಲಿಯ ಪಕ್ಕ.
‘ಕೋಟೆ ಬಂಡೆಗಳ ಕಾಡುಬಸಳೆಯಲ್ಲಿ
ರಾತ್ರಿಯ ಆಮ್ಲ ಸಂಗ್ರಹ.
ಜಿ. ಮಾರಕ್ಕ, ಅತಿಥಿ ಉಪನ್ಯಾಸಕಿ.’
ಉಂಡು ಬಂದವರು ಒದ್ದೆ ಕೈ ಕೊಡವುತ್ತ ಒಮ್ಮೆ ನೋಡಿದರು.
ಮೂರು ಹನಿ ನನ್ನ ಎಕ್ಸ್ ಅಕ್ಷದ ಮೇಲೆ ಬಿದ್ದವು.

ಕೇಳಿದ್ದರೆ ಹೇಳುತ್ತಿದ್ದೆ:
ಈ ಊರ ಬಂಡೆ ಹಗಲು ಕಾದ ಹೆಂಚು.
ಆಗ ಬಾಯಿ ತೆರೆದರೆ ಒಳಗಿನ ನೀರೂ ಉಳಿಯದು.
ಅದಕ್ಕೇ ಈ ಗಿಡ ಹಗಲೆಲ್ಲ ತುಟಿ ಬಿಗಿದು ಕೂತು
ಜೋಗಿಮಟ್ಟಿ ಕಡೆಯ ಗಾಳಿ ತಣ್ಣಗಾದ ಮೇಲೆ
ಸಾವಿರ ರಂಧ್ರ ಬಿಚ್ಚಿ ಉಸಿರೆಳೆದು
ಹುಳಿ ಮಾಡಿ ಕೂಡಿಡುತ್ತದೆ.
ಬಿಸಿಲು ಬಂದಾಗ ಬಾಗಿಲು ಹಾಕಿಕೊಂಡು
ಇಟ್ಟದ್ದನ್ನೇ ತೆಗೆದು ಸಕ್ಕರೆಯ ಅಡುಗೆ.

ಇಷ್ಟು ಪುಸ್ತಕದಲ್ಲೂ ಇದೆ.
ಪುಸ್ತಕದಲ್ಲಿ ಇಲ್ಲದ್ದು ಹನ್ನೊಂದು ರಾತ್ರಿ:
ಬಂಡೆಸಂದಿಯಿಂದ ಕುಂಡಕ್ಕೆ ತಂದ ಗಿಡ,
ಮೂರು ಗಂಟೆಗೊಮ್ಮೆ ಒಂದೆಲೆ ಅರೆದು
ಬ್ಯುರೆಟ್ಟಿನಿಂದ ಹನಿಹನಿ ಕ್ಷಾರ ಬಿಟ್ಟು
ಗುಲಾಬಿ ಬಣ್ಣಕ್ಕೆ ಕಾದದ್ದು.
ಸಂಜೆಯ ಎಲೆಗೆ ಬೆರಳೆಣಿಕೆಯ ಹನಿ,
ನಸುಕಿನದಕ್ಕೆ ಲೆಕ್ಕ ತಪ್ಪುವಷ್ಟು.

ನಾಲ್ಕೂವರೆಗೆ ಗಾದ್ರಪ್ಪ ಬಂದ.
ರಾತ್ರಿಪಾಳಿಯ ವಾಚ್‌ಮನ್. ಲ್ಯಾಬಿನ ಬೀಗ
ತೆಗೆದು ಕೊಡುತ್ತಿದ್ದವನು ಅವನೇ.
ಹಗಲಲ್ಲಿ ಅವನನ್ನು ನೋಡಿದ್ದು ಅದೇ ಮೊದಲಿರಬೇಕು:
ಇಸ್ತ್ರಿ ಅಂಗಿ, ನಿದ್ದೆಗೆಟ್ಟ ಕಣ್ಣು.
ಗ್ರಾಫಿನ ಮೇಲೆ ಬೆರಳಿಟ್ಟು ನಡೆದ:
‘ಇದು ಒಂಬತ್ತು ಗಂಟೆದಾ ಮೇಡಂ?
ಇದು ಹನ್ನೆರಡು, ನಾನು ಟೀ ತಂದಿದ್ದು.
ಇಲ್ಲಿ ಮೂರಕ್ಕೆ ಏನಾಗೈತೆ, ಕುಸಿದೈತಲ್ಲ?’

ಆ ಕುಸಿತಕ್ಕೆ ನಾನೊಂದು ವಾಕ್ಯ ಬರೆದಿದ್ದೆ:
‘ಏಳನೇ ರಾತ್ರಿಯ ಇಳಿಕೆಗೆ ತಾಪಮಾನದ ಏರುಪೇರು ಕಾರಣವಿರಬಹುದು.’
ಆಧಾರಕ್ಕೆ ಮೂರು ಪ್ರಬಂಧಗಳೂ ಇದ್ದವು.

ಅವನು ಕಿವಿಯ ಹಿಂದೆ ಕೆರೆದುಕೊಂಡ.
‘ಅವತ್ತು ಕುಂಡದ ಸಂದಿಗೆ ಹಾವು ಬಂದಿತ್ತು.
ನೀವು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ರಿ.
ಎಬ್ಬಿಸೋದು ಬೇಡ ಅಂತ ದೊಡ್ಡ ಲೈಟು ಹಾಕಿ
ಅದು ಹೋಗೋ ತನಕ ಎರಡು ತಾಸು ನಿಂತೆ.’

ಎರಡು ತಾಸು.
ನಡುರಾತ್ರಿಯಲ್ಲಿ ಗಿಡಕ್ಕೆ ಬೆಳಗಾಗಿ
ತೆರೆದ ಬಾಯಿ ಮುಚ್ಚಿ, ಕೂಡಿಟ್ಟದ್ದಕ್ಕೆ ಕೈ ಹಾಕಿತ್ತು.
ನಾನು ಮಲಗಿದ್ದೆ.

ಪೆನ್ನು ಕೇಳಿದೆ. ಅವನ ಜೇಬಿನಲ್ಲಿತ್ತು,
ಗೇಟಿನ ರಿಜಿಸ್ಟರಿನ ಕೆಂಪು ಪೆನ್ನು.
‘ತಾಪಮಾನ’ವನ್ನು ಹೊಡೆದುಹಾಕಿ ಮೇಲೆ
‘ಹಾವು, ದೀಪ, ಕಾವಲುಗಾರ’ ಎಂದು ಬರೆದೆ.
‘ನನ್ನ ಹೆಸರು ಮಾತ್ರ ಬೇಡ ಮೇಡಂ,
ಕರೆಂಟು ಸುಟ್ಟಿದ್ದಕ್ಕೆ ಪ್ರಿನ್ಸಿಪಾಲರು ಬಯ್ತಾರೆ.’

ತೀರ್ಪುಗಾರರು ಬಂದರು, ಕನ್ನಡಕ ಏರಿಸಿದರು,
ಕೆಂಪು ಗೀಟನ್ನು ಬಹಳ ಹೊತ್ತು ನೋಡಿ
ಅಚ್ಚುಕಟ್ಟಿಗೆ ಹತ್ತಕ್ಕೆ ಎರಡು ಹಾಕಿದರು.

ಆರಕ್ಕೆ ಗಾದ್ರಪ್ಪ ಡ್ಯೂಟಿಗೆ ಹೋದ.
ನಾನು ಪೋಸ್ಟರ್ ಸುತ್ತಿ ಮೆಟ್ಟಿಲ ಮೇಲೆ ಕೂತೆ.
ಎದುರು ಗುಡ್ಡದ ಬಂಡೆ ಇನ್ನೂ ಬಿಸಿ.
ಇನ್ನೊಂದು ತಾಸು ಅಲ್ಲಿ ಯಾರೂ
ಬಾಯಿ ತೆರೆಯುವಂತಿಲ್ಲ.